ರೆಕ್ಕೆ ಕೂಡದ ವಿಮಾನಗಳು

ಪೆಟ್ಟಿಗೆಯ ಮುಚ್ಚಳದ ಮೇಲಿನ ಚಿತ್ರ ಭವ್ಯವಾಗಿದೆ. ಮೋಡಗಳನ್ನು ಸೀಳಿಕೊಂಡು ಬರುತ್ತಿರುವ ಯುದ್ಧವಿಮಾನ. ಬಂದೂಕುಗಳ ಬಾಯಿಂದ ಚಿಮ್ಮುವ ಬೆಂಕಿಯ ನಾಲಗೆಗಳು. ಹಿನ್ನೆಲೆಯಲ್ಲಿ ಹೊಗೆ ಕಾರುತ್ತ ಕೆಳಗುರುಳುವ ಶತ್ರು. ಮುಚ್ಚಳವನ್ನು ತೆಗೆದರೆ ಒಳಗೆ ಬೂದುಬಣ್ಣದ ಪ್ಲಾಸ್ಟಿಕ್ಕಿನ ಒಂದು ಚೌಕಟ್ಟು, ಬಳ್ಳಿಗೆ ಕಾಯಿ ಕಚ್ಚಿದಂತೆ ಅದಕ್ಕೆ ಅಂಟಿಕೊಂಡ ಮೂವತ್ತು ನಲವತ್ತು ಬಿಡಿಭಾಗಗಳು, ಜೋಡಣೆಯ ಕ್ರಮವನ್ನು ತೋರಿಸುವ ಒಂದು ಹಾಳೆ, ನೀರಿನಲ್ಲಿ ನೆನೆಸಿ ಅಂಟಿಸಬೇಕಾದ ಗುರುತಿನ ಚೀಟಿಗಳು. ಭಾಗಗಳನ್ನು ಬಿಡಿಸಿ, ವಿಮಾನದ ಮೈಯ ಎರಡು ಹೋಳುಗಳನ್ನು ಒಂದಕ್ಕೊಂದು ಆನಿಸಿ ಹಿಡಿದಾಗ ಹವ್ಯಾಸಿಯ ಎದೆ ಧಸಕ್ಕೆನ್ನುತ್ತದೆ. ಮೂಗಿನ ಬಳಿ ಕೂಡಿದ ಹೋಳುಗಳು ಬಾಲದ ಬಳಿ ಬಾಯಿ ತೆರೆದುಕೊಂಡಿವೆ. ಬಾಲದ ಬಳಿ ಒತ್ತಿ ಹಿಡಿದರೆ ಮೂಗು ಬಿರಿಯುತ್ತದೆ. ರೆಕ್ಕೆಯ ಬುಡಕ್ಕೂ ಮೈಗೂ ನಡುವೆ ಉಗುರು ತೂರುವಷ್ಟು ಸಂದು. ಚಾಲಕನ ಗಾಜಿನ ಗೂಡಂತೂ ಬೇರೆ ಯಾವುದೋ ವಿಮಾನಕ್ಕಾಗಿ ಮಾಡಿದ್ದೋ ಎಂಬಂತಿದೆ. ಮುಚ್ಚಳದ ಚಿತ್ರಕಾರನು ಒಂದು ವಿಮಾನವನ್ನು ಕಂಡಿದ್ದಾನೆ; ಅಚ್ಚು ಕೊರೆದವನು ಇನ್ನೊಂದನ್ನು.

ಇಂಥ ಪೆಟ್ಟಿಗೆಯನ್ನು ಕಸದ ಬುಟ್ಟಿಗೆ ಎಸೆಯುವುದು ಸುಲಭ. ಆದರೆ ಲೋಕದಲ್ಲಿ ಒಂದು ವರ್ಗದ ಜನರಿದ್ದಾರೆ. ಅವರು ಇದನ್ನು ಎಸೆಯುವುದಿಲ್ಲ. ಮೇಜಿನ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು, ಕನ್ನಡಕವನ್ನು ಒರೆಸಿಕೊಂಡು, ಅರವನ್ನೂ ಉಪ್ಪುಕಾಗದವನ್ನೂ ಕೈಗೆ ತೆಗೆದುಕೊಳ್ಳುತ್ತಾರೆ. ಚೆನ್ನಾಗಿ ಕೂಡುವ ಹೊಸ ಮಾದರಿಗಳು ಅಂಗಡಿಯಲ್ಲಿ ಸಿಗುತ್ತಿದ್ದರೂ, ಅರುವತ್ತು ವರ್ಷದ ಹಿಂದಿನ ಅಡ್ಡಾದಿಡ್ಡಿ ಅಚ್ಚಿನ ವಿಮಾನವನ್ನೇ ಹುಡುಕಿ ತಂದು ತಿಂಗಳುಗಟ್ಟಲೆ ಅದರೊಡನೆ ಹೆಣಗುವವರೂ ಅವರಲ್ಲಿದ್ದಾರೆ.

ಆಟಿಕೆಯೊಂದರ ರೆಕ್ಕೆ ಒಂದೆರಡು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಏನು ಮುಳುಗಿಹೋಯಿತು ಎಂದು ಓದುಗರು ಕೇಳಬಹುದು. ಮುಳುಗಿಹೋದ ಕಾಲವೂ ಒಂದಿತ್ತು.

ಮಿತ್ರನೋ ಶತ್ರುವೋ?

1939ನೆಯ ಇಸವಿ ಸೆಪ್ಟೆಂಬರ್ 6ರ ಬೆಳಗ್ಗೆ, ಬ್ರಿಟನ್ ಯುದ್ಧ ಸಾರಿದ ಮೂರನೆಯ ದಿನ, ಶತ್ರುಗಳು ಬರುತ್ತಿದ್ದಾರೆಂಬ ತಪ್ಪು ಸುದ್ದಿ ಹಬ್ಬಿ ಇಂಗ್ಲೆಂಡಿನ ಪೂರ್ವಭಾಗದ ಹಲವು ವಿಮಾನದಳಗಳು ಆಕಾಶಕ್ಕೆ ನೆಗೆದವು. ಆ ಗಲಿಬಿಲಿಯಲ್ಲಿ ಸ್ಪಿಟ್‌ಫೈರ್ ವಿಮಾನಗಳು ತಮ್ಮದೇ ಪಡೆಯ ಹರಿಕೇನ್ ವಿಮಾನಗಳನ್ನು ಜರ್ಮನರದೆಂದು ಭ್ರಮಿಸಿ ಎರಡನ್ನು ಹೊಡೆದುರುಳಿಸಿದವು. ಮಾಂಟೇಗ್ ಹಲ್ಟನ್-ಹ್ಯಾರಪ್ ಎಂಬ ತರುಣ ವೈಮಾನಿಕನು ಪ್ರಾಣ ಕಳೆದುಕೊಂಡನು. ಜಗತ್ಪ್ರಸಿದ್ಧವಾದ ಸ್ಪಿಟ್‌ಫೈರ್ ಹೊಡೆದು ಬೀಳಿಸಿದ ಮೊಟ್ಟಮೊದಲ ವಿಮಾನ ಬ್ರಿಟನ್ನಿನದೇ ಆಗಿತ್ತು. ಬಾರ್ಕಿಂಗ್ ಕ್ರೀಕ್ ಕದನವೆಂದು ವ್ಯಂಗ್ಯವಾಗಿ ಹೆಸರಾದ ಈ ದುರಂತವು, ದೂರದಿಂದ ಒಂದು ವಿಮಾನದ ಆಕಾರವನ್ನು ಗುರುತಿಸುವುದು ಎಷ್ಟು ಕಠಿನ, ಎಷ್ಟು ಅಗತ್ಯ ಎಂಬುದನ್ನು ತೋರಿಸಿಕೊಟ್ಟಿತು.

ಎರಡು ವರ್ಷಗಳ ತರುವಾಯ ಅಮೆರಿಕವೂ ಯುದ್ಧಕ್ಕೆ ಇಳಿದಾಗ, ಆ ದೇಶದ ನೌಕಾಪಡೆ ಶಾಲೆಗಳ ಮುಂದೆ ಒಂದು ವಿಚಿತ್ರವಾದ ಬೇಡಿಕೆಯನ್ನಿಟ್ಟಿತು. 1942ರಲ್ಲಿ ದೇಶದ ಪ್ರೌಢಶಾಲೆಗಳ ವಿದ್ಯಾರ್ಥಿಗಳು ಐದು ಲಕ್ಷ ಮಾದರಿ ವಿಮಾನಗಳನ್ನು ಮರದಲ್ಲಿ ಕೆತ್ತಿ ಕೊಡಬೇಕು. ಐವತ್ತು ಬಗೆಯ ವಿಮಾನಗಳು, ಒಂದೊಂದು ಬಗೆಯದೂ ಹತ್ತು ಸಾವಿರ. ಫಿರಂಗಿ ನಡೆಸುವವರು, ಕಾವಲುಗಾರರು, ವೈಮಾನಿಕರು ಇವುಗಳನ್ನು ನೋಡಿ ನೋಡಿ ಮಿತ್ರನನ್ನೂ ಶತ್ರುವನ್ನೂ ಕ್ಷಣಾರ್ಧದಲ್ಲಿ ಬೇರ್ಪಡಿಸಲು ಕಲಿಯಬೇಕಾಗಿತ್ತು. ಆಕಾಶದಲ್ಲಿ ಕಾಣುವುದು ಬರಿಯ ನೆರಳಿನಾಕಾರವಾದ್ದರಿಂದ ಮಾದರಿಗಳಿಗೆಲ್ಲ ಕಪ್ಪು ಬಣ್ಣ.

ಈ ಮಾದರಿಗಳು ನಿಜವಾದ ವಿಮಾನದ ಎಪ್ಪತ್ತೆರಡನೆಯ ಒಂದಂಶ. ಆರಡಿಯ ಆಳು ಒಂದು ಅಂಗುಲವಾಗುವ ಲೆಕ್ಕ. ಮೂವತ್ತೈದು ಅಡಿ ದೂರದಲ್ಲಿ ತೂಗುಹಾಕಿದ ಮಾದರಿಯು, ಸುಮಾರು ಅರ್ಧ ಮೈಲಿಯಾಚೆ ಹಾರುವ ನಿಜವಾದ ವಿಮಾನದಷ್ಟೇ ಕಾಣುತ್ತದೆ. ಹುಡುಗನು ಕೆತ್ತಿದ ರೆಕ್ಕೆ ಕೊಂಚ ಅಗಲವಾಯಿತೆಂದರೆ, ಅದನ್ನು ನೋಡಿ ಕಲಿತ ಸೈನಿಕನ ಕಣ್ಣು ಮುಂದೊಂದು ದಿನ ತಪ್ಪು ಹೇಳಬಹುದು. ಆದ್ದರಿಂದಲೇ ಪ್ರತಿಯೊಂದು ಮಾದರಿಯನ್ನೂ ಪಡಿಯಚ್ಚಿಗೆ ಹಿಡಿದು ಪರೀಕ್ಷಿಸುವ ಏರ್ಪಾಡಿತ್ತು. ಮನೆಯ ಮೇಜಿನ ಮೇಲೆ ಇಂದೂ ವಾದಕ್ಕೆ ಕಾರಣವಾಗುವ ಈ ಒಂದಕ್ಕೆ ಎಪ್ಪತ್ತೆರಡರ ಪ್ರಮಾಣ 1930ರ ದಶಕದ ಬ್ರಿಟಿಷ್ ಮಾದರಿಗಳಲ್ಲಿ ಹುಟ್ಟಿದ್ದಾದರೂ, ಅದಕ್ಕೆ ಗಾಂಭೀರ್ಯ ಬಂದದ್ದು ಈ ಕಾಲದಲ್ಲಿ.

ಮರದ ಮಾದರಿಗಳ ಹಿಂದೆಯೇ ಷಿಕಾಗೋ ನಗರದ ಕಾರ್ಖಾನೆಯೊಂದರಿಂದ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಮಾದರಿಗಳೂ ಬಂದವು. ಈ ವಸ್ತುವಿಗೆ ಒಂದು ದುರ್ಗುಣವುಂಟು: ವರ್ಷಗಳು ಕಳೆದಂತೆ ಅದು ಬಾಡುತ್ತದೆ, ಸೊಟ್ಟಗಾಗುತ್ತದೆ. ಬಿಡಿಭಾಗಗಳನ್ನು ಜೋಡಿಸುವ ಪ್ಲಾಸ್ಟಿಕ್ ವಿಮಾನಗಳ ಮೊದಲ ಸಾಲು ಬ್ರಿಟನ್ನಿನಲ್ಲಿ 1936ರಲ್ಲೇ ಮಾರಾಟಕ್ಕೆ ಬಂದಿತ್ತು. ಫ್ರಾಗ್ ಸಂಸ್ಥೆಯವರ ಆ ಸಾಲಿಗೆ ಇಟ್ಟ ಹೆಸರು ಪೆಂಗ್ವಿನ್. ಹಕ್ಕಿಯೇ ಸರಿ, ಆದರೆ ಹಾರದು. ಅವೂ ಸೆಲ್ಯುಲೋಸ್ ಅಸಿಟೇಟಿನವೇ. ಅವುಗಳಲ್ಲಿ ಉಳಿದುಬಂದ ಹಲವು ಪೆಟ್ಟಿಗೆಗಳನ್ನು ಇಂದು ತೆರೆದರೆ ಬಿಸಿಲಿಗೆ ಹಾಕಿದ ಹಪ್ಪಳದಂತೆ ಮುರುಟಿದ ರೆಕ್ಕೆಗಳು ಕಾಣುತ್ತವೆ.

ಎರಡು ಷಿಲಿಂಗಿನ ಸ್ಪಿಟ್‌ಫೈರ್

ಯುದ್ಧಾನಂತರ ಪಾಲಿಸ್ಟೈರೀನ್ ಎಂಬ ಇನ್ನೂ ಸ್ಥಿರವಾದ, ಅಗ್ಗವಾದ ಪ್ಲಾಸ್ಟಿಕ್ ಬಂದಿತು. ಹಂಗೇರಿಯಿಂದ ಬಂದ ನಿಕೋಲಾಸ್ ಕೋವ್ ಎಂಬಾತ 1939ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪಿಸಿದ್ದ ಏರ್‌ಫಿಕ್ಸ್ ಸಂಸ್ಥೆ 1952ರಲ್ಲಿ ಡ್ರೇಕನ ಗೋಲ್ಡನ್ ಹೈಂಡ್ ಹಡಗಿನ ಬಿಡಿಭಾಗಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಊಲ್‌ವರ್ತ್ ಅಂಗಡಿಗಳಲ್ಲಿ ಎರಡು ಷಿಲಿಂಗಿಗೆ ಮಾರಿತು. ಆ ಬಳಿಕ, ಅದೇ ದಶಕದ ಮಧ್ಯಭಾಗದಲ್ಲಿ, ಅವರ ಮೊದಲ ವಿಮಾನ ಹೊರಬಂದಿತು. ಅದು ಸ್ಪಿಟ್‌ಫೈರ್ ಅಲ್ಲದೆ ಮತ್ತೇನಾಗಿರಲು ಸಾಧ್ಯ?

ಬ್ರಿಟಿಷ್ ಬಾಲಕರು ಮುಗಿಬಿದ್ದು ಕೊಂಡರು. ಆದರೆ ಸ್ಪಿಟ್‌ಫೈರಿನ ಸೊಬಗೆಲ್ಲ ಇರುವುದು ಅದರ ಅಂಡಾಕಾರದ ರೆಕ್ಕೆಯಲ್ಲಿ. ಅಂಥ ರೆಕ್ಕೆಯನ್ನೂ ತೆಳುವಾದ ಮೂಗನ್ನೂ ಆ ಪುಟ್ಟ ಮಾದರಿ ಹಿಡಿದಿರಲಿಲ್ಲ. ಅಮೆರಿಕದ ಅರೋರಾ ಸಂಸ್ಥೆಯವರ ದೊಡ್ಡ ಮಾದರಿಯನ್ನು ಕುಗ್ಗಿಸಿ ಮಾಡಿದ್ದೆಂದೂ, ಮೂಲದ ತಪ್ಪುಗಳೆಲ್ಲ ಹಾಗೆಯೇ ಇಳಿದುಬಂದವೆಂದೂ ಈ ಹವ್ಯಾಸದ ಇತಿಹಾಸ ಬರೆದವರು ಹೇಳುತ್ತಾರೆ. ಅದರ ಮೈಮೇಲೆ ಅಂಟಿಸುತ್ತಿದ್ದ ಬಿ.ಟಿ.ಕೆ. ಎಂಬ ಅಕ್ಷರಗಳೇ ಅದರ ಅಡ್ಡಹೆಸರಾದವು. 1960ರಲ್ಲಿ ಸಂಸ್ಥೆಯವರು ಅದನ್ನು ಕೈಬಿಟ್ಟು ಹೊಸ ಸ್ಪಿಟ್‌ಫೈರನ್ನು ತಂದರು. ಇಂದು ಒಡೆಯದ ಚೀಲದಲ್ಲಿರುವ ಆ ಹಳೆಯ ಬಿ.ಟಿ.ಕೆ. ಸಿಕ್ಕರೆ ಸಂಗ್ರಾಹಕರು ಕೈತುಂಬ ಹಣ ಕೊಟ್ಟು ಕೊಳ್ಳುತ್ತಾರೆ. ಅದನ್ನು ಜೋಡಿಸಲು ಮಾತ್ರ ಯಾರಿಗೂ ಧೈರ್ಯವಿಲ್ಲ!

ನಿಜವಾದ ಸ್ಪಿಟ್‌ಫೈರಿನ ರೆಕ್ಕೆಗಳ ತುದಿಯಿಂದ ತುದಿಗೆ 36 ಅಡಿ 10 ಅಂಗುಲ. ಮಾದರಿಯಲ್ಲಿ ಅದು ಆರಂಗುಲಕ್ಕಿಂತ ತುಸು ಹೆಚ್ಚು, ಎಂದರೆ 156 ಮಿಲಿಮೀಟರು. ಇಲ್ಲಿ ಎರಡು ಮಿಲಿಮೀಟರು ತಪ್ಪಿದರೆ ನಿಜವಾದ ವಿಮಾನದಲ್ಲಿ ಅರ್ಧ ಗೇಣಿಗೂ ಮಿಗಿಲಾಗಿ ತಪ್ಪಿದಂತೆ. ರೆಕ್ಕೆಯ ಹಿಂಬದಿಯ ಅಂಚು ನಿಜದಲ್ಲಿ ಚಾಕುವಿನಂತೆ ತೆಳು. ಅಷ್ಟು ತೆಳುವಾದ ಪ್ಲಾಸ್ಟಿಕ್ಕನ್ನು ಅಚ್ಚಿನಿಂದ ಮುರಿಯದೆ ತೆಗೆಯುವುದು ಕಷ್ಟವಾದ್ದರಿಂದ ಒಂದು ಮಿಲಿಮೀಟರು ದಪ್ಪ ಇಟ್ಟರೆಂದುಕೊಳ್ಳಿ, ಅದು ಎಪ್ಪತ್ತೆರಡು ಮಿಲಿಮೀಟರಾಯಿತು. ಅಂಥ ಹಲಗೆಯನ್ನು ಕಟ್ಟಿಕೊಂಡು ಯಾವ ವಿಮಾನ ಹಾರೀತು? ಚಾಲಕನ ಗಾಜಿನ ಗೂಡಿನದೂ ಇದೇ ಕಥೆ. ಮೂರಂಗುಲ ದಪ್ಪದ ಗಾಜಿನ ಹಿಂದೆ ಆತ ಕೂತಿರುತ್ತಾನೆ. 1960ರ ದಶಕದ ಮಾದರಿಗಳ ಮೈತುಂಬ ಉಬ್ಬಿಸಿದ ಮೊಳೆಗಳ ಸಾಲನ್ನು ಲೆಕ್ಕಹಾಕಿ ದೊಡ್ಡದು ಮಾಡಿದರೆ ಒಂದೊಂದೂ ಊಟದ ಬಟ್ಟಲಿನಷ್ಟಾದೀತು. ಅದನ್ನು ತಿದ್ದಹೊರಟ ಮತ್ತೊಂದು ಕಾಲದವರು ಲೋಹದ ಹಾಳೆಗಳ ಸಂದುಗಳನ್ನು ಎಷ್ಟು ಆಳವಾಗಿ ಕೊರೆದರೆಂದರೆ, ಹವ್ಯಾಸಿಗಳು ಅವುಗಳನ್ನು ಕಂದಕಗಳೆಂದೇ ಕರೆದರು.

ಹೋಳುಗಳು ಕೂಡದಿರುವುದಕ್ಕೆ ಕಾರಣ ಅಚ್ಚಿನಲ್ಲೂ ಇದೆ, ಕಾಲದಲ್ಲೂ ಇದೆ. ಕರಗಿದ ಪ್ಲಾಸ್ಟಿಕ್ಕನ್ನು ಭಾರೀ ಒತ್ತಡದಿಂದ ಉಕ್ಕಿನ ಅಚ್ಚಿನೊಳಗೆ ನುಗ್ಗಿಸುತ್ತಾರೆ. ತಣಿಯುವಾಗ ಅದು ಕುಗ್ಗುತ್ತದೆ. ದಪ್ಪವಿರುವಲ್ಲಿ ಹೆಚ್ಚು, ತೆಳುವಿರುವಲ್ಲಿ ಕಡಿಮೆ. ದಪ್ಪಭಾಗದ ಮೇಲೆ ಗುಳಿ ಬೀಳುತ್ತದೆ, ಉದ್ದಭಾಗ ಬಾಗುತ್ತದೆ. ಅಚ್ಚು ಹಳೆಯದಾದಂತೆ ಅದರ ಎರಡು ಹೋಳುಗಳ ನಡುವೆ ಸಂದು ಬಿಟ್ಟು, ಪ್ಲಾಸ್ಟಿಕ್ ಅಲ್ಲಿಂದ ಸೋರಿ ಭಾಗಗಳ ಸುತ್ತ ದೋಸೆಯ ಅಂಚಿನಂಥ ಸಿಪ್ಪೆ ಕಟ್ಟುತ್ತದೆ. ಇಂಥ ಅಚ್ಚುಗಳಿಗೆ ದೀರ್ಘಾಯುಸ್ಸು ಬೇರೆ. ಫ್ರಾಗ್ ಸಂಸ್ಥೆ 1970ರ ದಶಕದಲ್ಲಿ ಮುಚ್ಚಿದಾಗ ಅದರ ಬಹುಪಾಲು ಅಚ್ಚುಗಳು ಸೋವಿಯತ್ ದೇಶಕ್ಕೆ ಹೋದವು. ಎರಡನೆಯ ಮಹಾಯುದ್ಧದಲ್ಲಿ ತಮ್ಮ ಶತ್ರುಗಳಾಗಿದ್ದವರ ವಿಮಾನಗಳ ಅಚ್ಚು ತಮಗೆ ಬೇಡವೆಂದು ಸೋವಿಯತ್ತರು ಅವನ್ನು ಮಾತ್ರ ಬಿಟ್ಟರು!

ಕಾಣದ ವಿಮಾನದ ಮಾದರಿ

ತಪ್ಪುಗಳಲ್ಲಿ ಕ್ಷಮಿಸಬಹುದಾದ ತಪ್ಪೂ ಒಂದುಂಟು. ಯಾರೂ ನೋಡಿರದ ವಿಮಾನವನ್ನು ಸರಿಯಾಗಿ ಮಾಡುವುದೆಂತು? 1950ರ ದಶಕದಲ್ಲಿ ಅರೋರಾ ಸಂಸ್ಥೆಯವರು ರಷ್ಯದ ಮಿಗ್-19 ಎಂದು ಒಂದು ಮಾದರಿಯನ್ನು ಮಾರಿದರು. ನಿಜವಾದ ಮಿಗ್-19 ಬೆಳಕಿಗೆ ಬಂದಾಗ ಎರಡಕ್ಕೂ ಹೋಲಿಕೆಯಿದ್ದದ್ದು ಹೆಸರಿನಲ್ಲಿ ಮಾತ್ರ.

ಈ ಬಗೆಯ ಊಹೆಗಳಲ್ಲೆಲ್ಲ ಕೀರ್ತಿ ಪಡೆದದ್ದು 1986ರಲ್ಲಿ ಅಮೆರಿಕದ ಟೆಸ್ಟರ್ಸ್ ಸಂಸ್ಥೆ ಹೊರತಂದ ಎಫ್-19. ರಾಡಾರಿನ ಕಣ್ಣಿಗೆ ಬೀಳದ ವಿಮಾನವೊಂದನ್ನು ಅಮೆರಿಕ ಗುಟ್ಟಾಗಿ ಹಾರಿಸುತ್ತಿದೆಯೆಂಬ ಸುದ್ದಿ ಎಲ್ಲೆಡೆ ಹಬ್ಬಿತ್ತು. ಯುದ್ಧವಿಮಾನಗಳ ಅಂಕಿಗಳಲ್ಲಿ ಹದಿನೆಂಟರ ಬಳಿಕ ಇಪ್ಪತ್ತು ಬಂದಿದ್ದರಿಂದ, ನಡುವಿನ ಹತ್ತೊಂಬತ್ತೇ ಆ ರಹಸ್ಯವೆಂದು ಜನ ನಂಬಿದರು. ಜಾನ್ ಆಂಡ್ರೂಸ್ ಎಂಬ ವಿನ್ಯಾಸಕಾರನು ಸಿಕ್ಕ ಸುಳಿವುಗಳನ್ನೆಲ್ಲ ಕೂಡಿಸಿ, ನದಿಯ ಕಲ್ಲಿನಂತೆ ನುಣುಪಾಗಿ ದುಂಡಗಾದ ಒಂದು ಕಪ್ಪು ವಿಮಾನವನ್ನು ಕಲ್ಪಿಸಿದನು. ಮಾದರಿ ಬಿಸಿಬಿಸಿಯಾಗಿ ಮಾರಾಟವಾಯಿತು. ಶಾಸನಸಭೆಯ ಸದಸ್ಯರು ನೋಡಲಾಗದ ವಿಮಾನವನ್ನು ಮಕ್ಕಳು ಆಟಿಕೆಯಂಗಡಿಯಲ್ಲಿ ಕೊಳ್ಳುತ್ತಿದ್ದಾರೆಂದು ಅಮೆರಿಕದ ಸಂಸತ್ತಿನಲ್ಲಿ ದೂರು ಕೇಳಿಬಂದಿತು.

1988ರ ನವೆಂಬರಿನಲ್ಲಿ ರಕ್ಷಣಾ ಇಲಾಖೆ ನಿಜವಾದ ವಿಮಾನದ ಮಸುಕು ಚಿತ್ರವೊಂದನ್ನು ಬಿಡುಗಡೆ ಮಾಡಿತು. ಅದರ ಹೆಸರು ಎಫ್-117. ಮೈಯಲ್ಲಿ ದುಂಡನೆಯ ಗೆರೆಯೇ ಇಲ್ಲವೆನ್ನಬಹುದು; ವಜ್ರವನ್ನು ಕತ್ತರಿಸಿದಂತೆ ಎಲ್ಲ ಚಪ್ಪಟೆ ಮುಖಗಳು. 1970ರ ದಶಕದ ಗಣಕಯಂತ್ರಗಳಿಗೆ ಚಪ್ಪಟೆ ಮುಖಗಳಿಂದ ರಾಡಾರ್ ಅಲೆ ಹೇಗೆ ಚದುರುತ್ತದೆಂಬ ಲೆಕ್ಕವನ್ನಷ್ಟೇ ಮಾಡುವ ಶಕ್ತಿಯಿತ್ತು. ವಿಮಾನದ ಆಕಾರ ಆ ಮಿತಿಯಿಂದಲೇ ಬಂದದ್ದು. ಆಟಿಕೆಯ ವಿಮಾನವೇ ಹೆಚ್ಚು ಸುಂದರವಾಗಿದೆಯೆಂದು ಆಗ ಅನೇಕರಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಇದಕ್ಕೆ ತದ್ವಿರುದ್ಧವಾದದ್ದು 1961ರ ಪ್ರಸಂಗ. ರೆವೆಲ್ ಸಂಸ್ಥೆಯವರ ಪೊಲಾರಿಸ್ ಜಲಾಂತರ್ಗಾಮಿಯ ಮಾದರಿ ಅತಿಯಾಗಿ ನಿಖರವಾಗಿದೆ, ದೇಶದ ಗುಟ್ಟೆಲ್ಲ ಮೂರು ಡಾಲರಿಗೆ ಶತ್ರುವಿನ ಕೈಸೇರುತ್ತದೆ ಎಂದು ಅಡ್ಮಿರಲ್ ರಿಕೋವರ್ ಕೆಂಡವಾಗಿದ್ದರು. ಮಾದರಿ ಮಾಡುವವರ ಪಾಡು, ಸರಿಯಾದರೂ ಬೈಗುಳ, ತಪ್ಪಿದರೂ ಬೈಗುಳ.

ಅಡುಗೆಮನೆಯ ನೆರವು

ಹಾಗಾದರೆ ಕೂಡದ ರೆಕ್ಕೆಯನ್ನು ಕೂಡಿಸುವುದು ಹೇಗೆ? ಅನುಭವಸ್ಥನು ಮೊದಲ ದಿನ ಅಂಟಿನ ಸೀಸೆಯನ್ನು ಮುಟ್ಟುವುದೇ ಇಲ್ಲ. ಭಾಗಗಳನ್ನೆಲ್ಲ ಸಾಬೂನುನೀರಿನಲ್ಲಿ ತೊಳೆದು, ಅಚ್ಚಿನಿಂದ ಬಂದ ಎಣ್ಣೆಯ ಪಸೆಯನ್ನು ಕಳೆಯುತ್ತಾನೆ. ಆಮೇಲೆ ಅಂಟಿಲ್ಲದೆಯೇ ಒಂದಕ್ಕೊಂದನ್ನು ಹಿಡಿದು, ಎಲ್ಲಿ ಒತ್ತುತ್ತದೆ, ಎಲ್ಲಿ ಬಿಡುತ್ತದೆ ಎಂದು ನೋಡುತ್ತಾನೆ. ಮತ್ತೆ ಬಿಚ್ಚುತ್ತಾನೆ, ಮತ್ತೆ ಹಿಡಿಯುತ್ತಾನೆ. ಹೊಸಬರು ಸೋಲುವುದು ಇಲ್ಲಿಯೇ. ತಪ್ಪು ಒಂದು ಕಡೆ ಕಂಡರೂ ಅದರ ಬೇರು ಇನ್ನೊಂದು ಕಡೆ ಇರುತ್ತದೆ. ರೆಕ್ಕೆಯ ಬುಡದಲ್ಲಿ ಸಂದು ಕಂಡಿತೆಂದು ಅಲ್ಲಿ ಮೆತ್ತಿದರೆ ಕೆಲಸ ಕೆಟ್ಟಿತು. ಒಳಗೆ ಚಾಲಕನ ಪೀಠದ ಹಲಗೆ ಕೂದಲೆಳೆಯಷ್ಟು ಕಿರಿದಾಗಿ ಮೈಯ ಹೋಳುಗಳು ಒಳಕ್ಕೆ ಜಗ್ಗಿರುವುದೇ ಮೂಲಕಾರಣವಿರಬಹುದು. ಆಗ ಮಿಕ್ಕ ಚೌಕಟ್ಟಿನ ಕಡ್ಡಿಯ ತುಂಡೊಂದನ್ನು ಅಳತೆಗೆ ಕತ್ತರಿಸಿ, ಮೈಯೊಳಗೆ ತೊಲೆಯಂತೆ ಅಡ್ಡಲಾಗಿ ನಿಲ್ಲಿಸಿದರೆ ಹೋಳುಗಳು ಹಿಗ್ಗಿ ಸಂದು ತಾನಾಗಿ ಮುಚ್ಚುತ್ತದೆ.

ಸೊಟ್ಟಗಾದ ರೆಕ್ಕೆಗೆ ಬಿಸಿನೀರೇ ಮದ್ದು. ಪಾತ್ರೆಯಲ್ಲಿ ನೀರು ಕಾಯಿಸಿ, ರೆಕ್ಕೆಯನ್ನು ಕೆಲವು ಕ್ಷಣ ಅದ್ದಿ, ಮೆತ್ತಗಾದಾಗ ಮೆಲ್ಲನೆ ತಿದ್ದಿ, ಕೂಡಲೇ ತಣ್ಣೀರಿನಲ್ಲಿ ಮುಳುಗಿಸಬೇಕು. ಅಂಟು ಆರುವತನಕ ಹೋಳುಗಳನ್ನು ಬಿಗಿದು ಹಿಡಿಯಲು ಬಟ್ಟೆ ಒಣಗಿಸುವ ಕ್ಲಿಪ್ಪುಗಳೂ ರಬ್ಬರ್ ಬ್ಯಾಂಡುಗಳೂ ಬೇಕು; ರೆಕ್ಕೆಗಳ ಏರುಕೋನ ಎರಡು ಕಡೆಯೂ ಸಮನಾಗಿರುವಂತೆ ಅಡಿಯಲ್ಲಿಡಲು ಬೆಂಕಿಪೆಟ್ಟಿಗೆಗಳು ಬೇಕು; ಗಟ್ಟಿ ಅಂಟಿನಲ್ಲಿ ಕಲಸಿ ಸಂದು ತುಂಬಲು ಮಗುವಿನ ಪೌಡರೂ ಬೇಕು. ಇಂಥ ಹವ್ಯಾಸಿಯಿರುವ ಮನೆಯ ಗೃಹಿಣಿಗೆ ಕಳೆದ ವಸ್ತುವನ್ನು ಎಲ್ಲಿ ಹುಡುಕಬೇಕೆಂದು ಹೇಳಿಕೊಡಬೇಕಾಗಿಲ್ಲ.

ಪಾಲಿಸ್ಟೈರೀನಿನ ಅಂಟು ನಮ್ಮ ಗೋಂದಿನಂಥದಲ್ಲ. ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ಅಂಚುಗಳನ್ನು ಬೆಸೆಯುತ್ತದೆ. ಈ ಗುಣದಿಂದಲೇ ಒಂದು ಜಾಣತನ ಹುಟ್ಟಿದೆ: ಮಿಕ್ಕ ಕಡ್ಡಿಗಳನ್ನು ಚೂರುಮಾಡಿ ಅಂಟಿನ ಸೀಸೆಯಲ್ಲಿ ನೆನೆಹಾಕಿದರೆ ಗಂಜಿಯಂಥ ಪಾಕವಾಗುತ್ತದೆ. ಅದನ್ನು ಸಂದಿಗೆ ತುಂಬಿದರೆ, ಆರಿದ ಮೇಲೆ ವಿಮಾನದ ಮೈಯೂ ಅದೂ ಒಂದೇ ವಸ್ತು. ತೆಳುವಾಗಿ ತುಂಬಬೇಕು, ಆರಲು ಬಿಡಬೇಕು, ಅದು ಕುಗ್ಗಿದ ಮೇಲೆ ಮತ್ತೆ ತುಂಬಬೇಕು. ಅವಸರದಿಂದ ಒಂದೇ ಸಲಕ್ಕೆ ಮೆತ್ತಿದವನು ತಿಂಗಳ ಬಳಿಕ ಬಣ್ಣದ ಕೆಳಗೆ ಮತ್ತೆ ಅದೇ ಗುಳಿಯನ್ನು ಕಾಣುತ್ತಾನೆ.

ಬಳಿಕ ನೀರಿನಲ್ಲಿ ನೆನೆಸಿದ ನುಣ್ಣನೆಯ ಉಪ್ಪುಕಾಗದದಿಂದ ಉಜ್ಜುವ ಕೆಲಸ. ಕಣ್ಣಿಗೆ ಕಾಣದ ಏರುತಗ್ಗು ಬೆರಳಿಗೆ ಸಿಗುತ್ತದೆ. ಬೆರಳಿಗೂ ಸಿಗದ್ದು ಬೂದುಬಣ್ಣದ ಒಂದು ಲೇಪ ಬಳಿದೊಡನೆ ಬಯಲಾಗುತ್ತದೆ. ಉಜ್ಜುವಾಗ ಅಳಿಸಿಹೋದ ಗೆರೆಗಳನ್ನು ಸೂಜಿಯ ಮೊನೆಯಿಂದ ಮತ್ತೆ ಗೀರಬೇಕು. ಮೂಗಿನಲ್ಲಿ ಸೀಸದ ಗುಂಡು ತುಂಬುವುದನ್ನು ಮರೆತವನ ವಿಮಾನ, ಮುಂದೆಯೂ ಗಾಲಿಯಿರುವ ಜಾತಿಯದಾದರೆ, ಎಲ್ಲ ಮುಗಿದ ಮೇಲೆ ಬಾಲ ಊರಿ ಕೂತುಬಿಡುತ್ತದೆ. ಆಗ ಮಾಡುವುದೇನೂ ಇಲ್ಲ, ನಗುವುದನ್ನು ಬಿಟ್ಟರೆ.

ಈ ಹವ್ಯಾಸಿಗಳಲ್ಲಿ ಎರಡು ಪಂಗಡಗಳಿವೆ. ಅಳತೆಪಟ್ಟಿಯನ್ನೂ ಹಳೆಯ ಛಾಯಾಚಿತ್ರಗಳನ್ನೂ ಹಿಡಿದು ಮಾದರಿಯ ಅಂಗಾಂಗವನ್ನು ಪರೀಕ್ಷಿಸುವವರು ಒಂದು. ಇವರಿಗೆ ಮೊಳೆ ಎಣಿಸುವವರೆಂದು ಎದುರುಪಕ್ಷದವರ ಹಾಸ್ಯ. ವಿಮಾನದಂತೆ ಕಂಡರೆ ಸಾಕು, ಸಂಜೆ ಸುಖವಾಗಿ ಕಳೆದರೆ ಸಾಕು ಎನ್ನುವವರು ಇನ್ನೊಂದು. ಇಬ್ಬರ ವಾದದಲ್ಲೂ ಸತ್ಯವುಂಟು. ಆದರೆ ಮೊಳೆ ಎಣಿಸುವವರನ್ನು ಅಷ್ಟು ಸುಲಭವಾಗಿ ನಗೆಗೀಡುಮಾಡುವುದು ನ್ಯಾಯವಲ್ಲ. ಒಂದು ಕಾಲದಲ್ಲಿ ಹವ್ಯಾಸದ ಪತ್ರಿಕೆಗಳಲ್ಲಿ ಅಚ್ಚಾದ ನಕ್ಷೆಗಳಲ್ಲೇ ತಪ್ಪುಗಳಿರುತ್ತಿದ್ದವು. ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದು ತಪ್ಪೇ ಪ್ರಮಾಣವಾಗುತ್ತಿತ್ತು. ಸಂಗ್ರಹಾಲಯಗಳಿಗೆ ಹೋಗಿ ಪಟ್ಟಿ ಹಿಡಿದು ಅಳೆದವರು ಇವರೇ. ಈಗ ಉಳಿದಿರುವ ವಿಮಾನಗಳನ್ನು ಲೇಸರ್ ಕಿರಣದಿಂದ ಅಳೆದು ಅಚ್ಚು ಮಾಡುವ ದಿನ ಬಂದಿದೆ. ಆದರೂ ಸಂಗ್ರಹಾಲಯದ ವಿಮಾನವೇ ಎರಡು ಮೂರು ಮುರುಕು ವಿಮಾನಗಳ ಭಾಗಗಳಿಂದ ಕಟ್ಟಿದ್ದಾಗಿದ್ದರೆ ಲೇಸರ್ ತಾನೆ ಏನು ಮಾಡೀತು?

ಶ್ರೀನಗರದ ನ್ಯಾಟ್

ನಮ್ಮ ದೇಶದ ಹವ್ಯಾಸಿಗೆ ಈ ತಪ್ಪು ಅಳತೆಯ ಸಂಕಟ ಬೇರೊಂದು ದಾರಿಯಿಂದ ಬಂದಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ವಿಮಾನನಿಲ್ದಾಣದ ಮೇಲೆ ಪಾಕಿಸ್ತಾನದ ಸೇಬರ್ ವಿಮಾನಗಳು ಎರಗಿದಾಗ, ಬಾಂಬುಗಳು ಬೀಳುತ್ತಿರುವಂತೆಯೇ ತಮ್ಮ ಪುಟ್ಟ ನ್ಯಾಟ್ ವಿಮಾನವನ್ನು ಮೇಲಕ್ಕೇರಿಸಿ ಹೋರಾಡಿ ಮಡಿದ ನಿರ್ಮಲ್ ಜಿತ್ ಸಿಂಗ್ ಸೇಖೋನರ ಹೆಸರನ್ನು ಕೇಳದವರು ವಿರಳ. ವಾಯುಪಡೆಗೆ ಸಂದ ಏಕೈಕ ಪರಮವೀರ ಚಕ್ರ ಅವರದು. ನ್ಯಾಟ್ ಹುಟ್ಟಿದ್ದು ಬ್ರಿಟನ್ನಿನಲ್ಲಾದರೂ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಪರವಾನಗಿ ಪಡೆದು ಅದನ್ನು ತಯಾರಿಸಲಾಗಿತ್ತು. ಅಂಥ ವಿಮಾನದ ಮಾದರಿ ಮೇಜಿನ ಮೇಲಿರಬೇಕೆಂದು ಆಸೆಪಡುವುದು ಸಹಜ.

ಅಂಗಡಿಯಲ್ಲಿ ದಶಕಗಳ ಕಾಲ ಸುಲಭವಾಗಿ ಸಿಗುತ್ತಿದ್ದದ್ದು ಏರ್‌ಫಿಕ್ಸಿನವರ ನ್ಯಾಟ್. ಆದರೆ ಅದು ಬ್ರಿಟನ್ನಿನ ಎರಡು ಆಸನಗಳ ತರಬೇತಿ ವಿಮಾನ. ಕೆಂಪು ಬಣ್ಣ ಬಳಿದುಕೊಂಡು 1965ರಿಂದ 1979ರವರೆಗೆ ರೆಡ್ ಆರೋಸ್ ಎಂಬ ತಂಡದವರು ಆಕಾಶದಲ್ಲಿ ಚಮತ್ಕಾರ ತೋರಿಸಿದ್ದು ಅದರಲ್ಲೇ. ಭಾರತದ ವಾಯುಪಡೆ ಹಾರಿಸಿದ್ದು ಒಂದೇ ಆಸನದ ಯುದ್ಧವಿಮಾನವನ್ನು. ತರಬೇತಿಯ ನ್ಯಾಟಿನ ಮೈ ಎರಡು ಅಡಿಗೂ ಮಿಗಿಲಾಗಿ ಉದ್ದ; ರೆಕ್ಕೆಗಳ ಹರವು ಸುಮಾರು ಎರಡು ಅಡಿ ಹೆಚ್ಚು. ಬಾಲವೂ ಬೇರೆ, ಗಾಜಿನ ಗೂಡೂ ಬೇರೆ.

ಈ ಶತಮಾನದಲ್ಲಿ ಜೆಕ್ ದೇಶದ ಸಂಸ್ಥೆಯೊಂದು ಒಂದೇ ಆಸನದ ನ್ಯಾಟನ್ನು ತಂದಿತು. ಕಡಿಮೆ ಸಂಖ್ಯೆಯಲ್ಲಿ ತೆಗೆಯುವ ಅಚ್ಚುಗಳದು ಸಾಮಾನ್ಯವಾಗಿ ಒಂದೇ ರೀತಿ. ಹೋಳುಗಳನ್ನು ಸರಿಯಾಗಿ ಕೂಡಿಸುವ ಗೂಟಗಳಿರುವುದಿಲ್ಲ, ಕಣ್ಣಳತೆಯೇ ಗತಿ. ಅದಕ್ಕೆ ಮೊದಲು ಹವ್ಯಾಸಿಗೆ ಒಂದು ಕಷ್ಟದ ದಾರಿಯಿದ್ದಿತು. ಎರಡಾಸನದ ನ್ಯಾಟನ್ನು ತಂದು, ನಕ್ಷೆಯ ಮೇಲಿಟ್ಟು ಗುರುತುಹಾಕಿ, ಸಣ್ಣ ಹಲ್ಲಿನ ಗರಗಸದಿಂದ ಮೈಯನ್ನು ಅಡ್ಡಲಾಗಿ ಕೊಯ್ಯುವುದು. ಹಿಂದಿನ ಆಸನದ ಭಾಗವನ್ನು ತೆಗೆದು ಮುಂದಿನದನ್ನು ಹಿಂದಿನದಕ್ಕೆ ಬೆಸೆಯುವುದು. ರೆಕ್ಕೆಯನ್ನು ಒಂದೊಂದು ಕಡೆಯೂ ನಾಲ್ಕು ಮಿಲಿಮೀಟರಿನಷ್ಟು ಕಿರಿದುಮಾಡಿ ಮತ್ತೆ ಆಕಾರ ಕೊಡುವುದು. ಮರದ ತುಂಡಿನಲ್ಲಿ ಗೂಡಿನ ಆಕಾರವನ್ನು ಕೆತ್ತಿ, ಪಾರದರ್ಶಕ ಹಾಳೆಯನ್ನು ಬಿಸಿಮಾಡಿ ಅದರ ಮೇಲೆ ಎಳೆದು ಹೊಸ ಗಾಜು ಮಾಡಿಕೊಳ್ಳುವುದು. ನಾಲ್ಕು ಗಾಜು ಒಡೆದು ಐದನೆಯದು ಸರಿಹೋಗಬಹುದು. ಕೊಯ್ದ ಮೈಯನ್ನು ಕೂಡಿಸಿದಲ್ಲಿ ಸುತ್ತಳತೆ ಒಂದೇ ಆಗಿರುವುದಿಲ್ಲವಾದ್ದರಿಂದ ತುಂಬಿ ಉಜ್ಜುವ ಕೆಲಸವೇ ವಾರಗಟ್ಟಲೆ. ದೊಡ್ಡ ಸಂಸ್ಥೆಗಳ ಕಣ್ಣಿಗೆ ಬೀಳದೇ ಹೋದ, 1961ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ ಮಾರುತ ವಿಮಾನವನ್ನು ಮಾಡಹೊರಟವರಿಗಂತೂ ಕೊಯ್ಯಲು ಒಂದು ತಪ್ಪು ಮಾದರಿಯೂ ಸುಲಭವಾಗಿ ಸಿಕ್ಕಲಾರದು. ಅದೃಷ್ಟಕ್ಕೆ ನಿಜವಾದ ಮಾರುತವೇ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಸಂಗ್ರಹಾಲಯದ ಅಂಗಳದಲ್ಲಿ ನಿಂತಿದೆ; ಮಕ್ಕಳನ್ನು ಕರೆದುಕೊಂಡು ಹೋದವರು ಒಂದು ಅಳತೆಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡರೆ ತಪ್ಪೇನಿಲ್ಲ.

ಕೊಯ್ದು ತೆಗೆದ ನ್ಯಾಟಿನ ಹಿಂದಿನ ಆಸನವನ್ನು ಯಾರೂ ಎಸೆಯುವುದಿಲ್ಲ. ಪ್ರತಿಯೊಬ್ಬ ಹವ್ಯಾಸಿಯ ಮೇಜಿನ ಕೆಳಗೂ ಚೂರುಪಾರುಗಳ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಿರುತ್ತದೆ. ಅದರಲ್ಲಿ ಒಂಟಿ ಗಾಲಿಗಳು, ಮುರಿದ ಪಂಖಗಳು, ಯಾವ ಮೈಗೂ ಸೇರದ ರೆಕ್ಕೆಯ ತುದಿಗಳು. ಆಸನವೂ ಅಲ್ಲಿಗೆ ಹೋಗುತ್ತದೆ. ಆಸನವೇ ಇಲ್ಲದ ಇನ್ನೊಂದು ಪೆಟ್ಟಿಗೆ ಮನೆಗೆ ಬರುವವರೆಗೆ.